ಸೂರತ್‌ಗೆ ಒಂದೇ ದಿನದಲ್ಲಿ ಚಾರ್ಟರ್, ತಿರುಪತಿಗೆ ತೋಟದಿಂದ ಹೆಲಿಕಾಪ್ಟರ್: ಮಾಡಿಸಿದವರು ಹೇಳಿ

ಕ್ಯಾತ್ಸಂದ್ರ (ಪ್ರಶ್ನೆ)
ತುಮಕೂರಿನ ವಸಂತನರಸಾಪುರದಲ್ಲಿ ನಮ್ಮ ಯೂನಿಟ್ ಇದೆ. ಸೂರತ್ ಪಾರ್ಟಿ ಜೊತೆ ಮೀಟಿಂಗ್, ಆರು ಜನ, ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ವಾಪಸ್ ಬರಬೇಕು. ಮಾರ್ಚ್‌ನಲ್ಲಿ ಅಪ್ಪಾಜಿಯ ಷಷ್ಟ್ಯಬ್ದಿ, ಆಗ ಮನೆಯವರು ಆರು ಜನ ತಿರುಪತಿಗೆ. ತೋಟದಿಂದಲೇ ಹೆಲಿಕಾಪ್ಟರ್ ಹತ್ತಬಹುದು ಅಂತ ಬ್ರೋಕರ್ ಹೇಳ್ತಾನೆ. ಗಂಟೆಯ ರೇಟ್ ಕೊಟ್ಟಿದ್ದಾನೆ, ಒಟ್ಟು ಎಷ್ಟು ಅಂದ್ರೆ ಬಾಯಿ ಬಿಡ್ತಿಲ್ಲ. ಜೆಟ್ ತಗೊಳ್ಳೋದಾ, ಪ್ರೊಪೆಲರ್ ಇರೋ ಟರ್ಬೊಪ್ರಾಪ್ ಸಾಕಾ?

ಶಿರಾ ಗೇಟ್
ಗಂಟೆ ರೇಟ್ ಪಕ್ಕಕ್ಕಿಡಿ ಸಾರ್. ವಿಮಾನ ರಾತ್ರಿ ಎಲ್ಲಿ ನಿಲ್ಲುತ್ತೆ ಅನ್ನೋದರ ಮೇಲೆ ಬಿಲ್ ನಿಂತಿರೋದು. ನಾವು ಗುಜರಾತ್ ಕಡೆಗೆ ಕಿಂಗ್ ಏರ್ ಬಿ200 ಟರ್ಬೊಪ್ರಾಪ್ ಬಿಟ್ಟು ಬೇರೇದು ಕೇಳೋದೇ ಇಲ್ಲ.

ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಸೂರತ್ ನೇರ ದಾರಿ ಸುಮಾರು 1,000 ಕಿ.ಮೀ. ಚಕ್ರ ಉರುಳಿದಾಗಿನಿಂದ ನಿಲ್ಲೋವರೆಗೆ 2 ಗಂಟೆ 20 ನಿಮಿಷ, ಹೋಗಿ ಬರೋಕೆ 4 ಗಂಟೆ 40. ಗಂಟೆಗೆ 1.4 ಲಕ್ಷ ಹಿಡಿಯಿರಿ, 6.53 ಲಕ್ಷ. ಎರಡೂ ಕಡೆಯ ಲ್ಯಾಂಡಿಂಗ್, ಪಾರ್ಕಿಂಗ್, ಗ್ರೌಂಡ್ ಹ್ಯಾಂಡ್ಲಿಂಗ್‌ಗೆ 50 ಸಾವಿರ. ಮೇಲೆ 18% ಜಿಎಸ್‌ಟಿ. ಒಟ್ಟು 8.30 ಲಕ್ಷ. ತಲೆಗೆ 1.38 ಲಕ್ಷ. ಇದು ವಿಮಾನ ಬೆಂಗಳೂರಲ್ಲೇ ನಿಂತಿದ್ದರೆ ಮಾತ್ರ. ಮುಂಬೈನಿಂದ ಖಾಲಿ ಬಂದು ಖಾಲಿ ಹೋಗೋ ಹಾಗಿದ್ದರೆ ಆ ಗಂಟೆಗಳೂ ನಿಮ್ಮ ತಲೆ ಮೇಲೇ. ಬ್ರೋಕರ್ ಬಾಯಿ ಬಿಡದೇ ಇರೋದು ಅಲ್ಲೇ.

ಇನ್ನೊಂದು. ಬೆಳಿಗ್ಗೆ 6ಕ್ಕೆ ಹೊರಟು ರಾತ್ರಿ 10ಕ್ಕೆ ವಾಪಸ್ ಅಂತ ಪ್ಲಾನ್ ಕೊಟ್ರೆ ಪೈಲಟ್‌ಗಳ ಡ್ಯೂಟಿ ಮಿತಿ ಮೀರುತ್ತೆ. ಆಗ ಸೂರತ್‌ನಲ್ಲೇ ರಾತ್ರಿ ಹಾಲ್ಟ್: ಹಾಲ್ಟ್ ಚಾರ್ಜ್, ಇಬ್ಬರು ಪೈಲಟ್‌ಗಳ ಹೋಟೆಲ್, ಕಾರು, ಊಟ. ಮೀಟಿಂಗ್ ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಮೊದಲೇ ಗಟ್ಟಿ ಮಾಡ್ಕೊಳ್ಳಿ. ಡಿಸೆಂಬರ್–ಜನವರಿ ಆದರೆ ಬೆಳಗಿನ ಮಂಜು ನೋಡ್ಕೊಂಡು 9ರ ನಂತರದ ಟೈಮ್ ಕೇಳಿ.

ಚಿಂತಾಮಣಿ ರಸ್ತೆ
ಕಿಂಗ್ ಏರ್‌ನಲ್ಲಿ 2 ಗಂಟೆ 20 ನಿಮಿಷ ಕೂತು ಹೋಗೋಕೆ ಚಾರ್ಟರ್ ಯಾಕೆ ಬೇಕು? ಶೆಡ್ಯೂಲ್ ಫ್ಲೈಟೇ ಅದಕ್ಕಿಂತ ಬೇಗ ಹಾರುತ್ತೆ. ನಮ್ಮ ಆಯ್ಕೆ ಹಾಕರ್ 800 ಎಕ್ಸ್‌ಪಿ ಜೆಟ್, ಸೂರತ್ 1 ಗಂಟೆ 35 ನಿಮಿಷ. ನಿಂತರೆ ತಲೆ ತಾಗದ ಹಾಗೆ ಓಡಾಡಬಹುದು, ಹಿಂದೆ ಬಾಗಿಲು ಹಾಕೋ ಟಾಯ್ಲೆಟ್ ಇದೆ. ಬಿ200ರಲ್ಲಿ ಟಾಯ್ಲೆಟ್‌ಗೆ ಪರದೆ ಎಳೆದ್ರೆ ಎಳೆದ್ರು, ಇಲ್ಲದಿದ್ರೆ ಇಲ್ಲ. ಹೆಂಗಸರು, ವಯಸ್ಸಾದವರು ಬಂದ ದಿನ ಏನು ಮಾಡ್ತೀರಿ?

ತೂಕದ ವಿಷಯ ಮೇಲಿನವರು ಹೇಳಲೇ ಇಲ್ಲ. ಬಿ200ರ ಗರಿಷ್ಠ ಟೇಕಾಫ್ ತೂಕ 5,670 ಕೆಜಿ. ಟ್ಯಾಂಕೂ ತುಂಬಿಸಿ ಎಂಟು ಸೀಟೂ ತುಂಬಿಸೋಕಾಗಲ್ಲ, ಒಂದನ್ನ ಬಿಡಲೇಬೇಕು. ಆರು ಜನ, ಜೊತೆಗೆ ಸ್ಯಾಂಪಲ್ ಡಬ್ಬಗಳು ಅಂದ್ರೆ ಆಪರೇಟರ್‌ಗೆ ಪ್ರತಿಯೊಂದರ ತೂಕ, ಉದ್ದ, ಅಗಲ ಮೊದಲೇ ಬರೆದು ಕಳಿಸಿ. ಇಲ್ಲದಿದ್ದರೆ ಏಪ್ರನ್ (ವಿಮಾನ ನಿಲ್ಲೋ ಜಾಗ) ಮೇಲೆ ನಿಂತು ಯಾವ ಡಬ್ಬ ಬಿಡೋದು ಅಂತ ಚರ್ಚೆ.

ಶಿರಾ ಗೇಟ್
ಹಾಕರ್ ಬೆಲೆ ಹೇಳದೆ ಹೋದ್ರಲ್ಲ ಸ್ವಾಮಿ. ನಾನೇ ಹೇಳ್ತೀನಿ. ಗಂಟೆಗೆ 3 ಲಕ್ಷ, 3 ಗಂಟೆ 10 ನಿಮಿಷಕ್ಕೆ 9.5 ಲಕ್ಷ, ಹ್ಯಾಂಡ್ಲಿಂಗ್ 80 ಸಾವಿರ, ಜಿಎಸ್‌ಟಿ ಸೇರಿ 12.15 ಲಕ್ಷ. ಮುಂಬೈನಲ್ಲಿ ನಿಲ್ಲೋ ವಿಮಾನ ಆದ್ರೆ ಬರೋಕೆ ಒಂದೂವರೆ, ಹೋಗೋಕೆ ಒಂದೂವರೆ, ಇನ್ನೂ 9 ಲಕ್ಷ. ಜಿಎಸ್‌ಟಿ ಸೇರಿಸಿ ನೋಡಿ, 22.7 ಲಕ್ಷ ದಾಟುತ್ತೆ. ಹೋಗಿ ಬರೋದ್ರಲ್ಲಿ ಒಂದೂವರೆ ಗಂಟೆ ಉಳಿಸೋಕೆ ಹದಿನಾಲ್ಕು ಲಕ್ಷ ಜಾಸ್ತಿ. ಸೂರತ್ ವಿಷಯದಲ್ಲಿ ಇದು ಸಲಹೆ ಅಲ್ಲ, ದುಂದು.

ಚಿಂತಾಮಣಿ ರಸ್ತೆ
ದುಂದು ಅನ್ನೋಕೆ ನೀವು ಯಾರು? ಮುಂಬೈ ವಿಮಾನವನ್ನ ಖಾಲಿ ಓಡಿಸಿ ಅಂತ ನಾನೆಲ್ಲಿ ಹೇಳಿದೆ? ಬೆಂಗಳೂರಲ್ಲಿ ನಿಂತಿರೋದನ್ನ ಹುಡುಕಿ ತಗೊಳ್ಳೋದು ಗೊತ್ತಿರಬೇಕು. ಎಂಪ್ಟಿ ಲೆಗ್, ಅಂದ್ರೆ ಬೇರೆ ಗಿರಾಕಿಯನ್ನ ಬಿಟ್ಟು ಖಾಲಿ ಹೋಗೋ ವಿಮಾನ, ಸಿಕ್ಕರೆ ರೇಟು ಇನ್ನೂ ಇಳಿಯುತ್ತೆ.

ಶಿರಾ ಗೇಟ್
ಎಂಪ್ಟಿ ಲೆಗ್ ಒಂದು ಕಡೆಗೆ ಮಾತ್ರ, ಅವರ ದಿನ, ಅವರ ಟೈಮ್. ಮೂಲ ಗಿರಾಕಿ ಪ್ಲಾನ್ ಬದಲಾಯಿಸಿದ್ರೆ ನಿಮ್ಮದೂ ಹಾರಿಹೋಯ್ತು. ವ್ಯವಹಾರದ ಮೀಟಿಂಗ್‌ಗೆ ಅದನ್ನ ನಂಬಿ ಕೂರೋಕಾಗುತ್ತಾ?

ಮುಳಬಾಗಿಲು
ನೀವಿಬ್ಬರೂ ಸೂರತ್ತಲ್ಲೇ ನಿಂತ್ರಿ. ತಿರುಪತಿ ಕೇಳಿದ್ದಕ್ಕೆ ಯಾರೂ ಹೇಳಲಿಲ್ಲ. ಬರಕೊಳ್ಳಣ್ಣ.

ಸಿಂಗಲ್ ಎಂಜಿನ್ ಹೆಲಿಕಾಪ್ಟರ್ ಬೆಲ್ 407 ಆಗಲಿ ಎಚ್125 ಆಗಲಿ, ಪೈಲಟ್ ಬಿಟ್ಟು ಐದಾರು ಸೀಟು ಅಂತ ಕಾಗದದಲ್ಲಿ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರು ಜಿಲ್ಲೆಯೂ ಸಮುದ್ರ ಮಟ್ಟದಿಂದ ಸುಮಾರು 800–900 ಮೀಟರ್ ಮೇಲೆ. ಮಾರ್ಚ್ ಬಿಸಿಲಿಗೆ ಗಾಳಿ ತೆಳು, ಎಂಜಿನ್‌ಗೂ ರೋಟರ್‌ಗೂ ಹಿಡಿತ ಕಡಿಮೆ. ನಾಲ್ಕು, ಜಾಸ್ತಿ ಅಂದ್ರೆ ಐದು ಜನ ಅಂತ ಲೆಕ್ಕ ಹಾಕಿ. ಎಲ್ಲರ ತೂಕ ಬಟ್ಟೆ, ಚಪ್ಪಲಿ ಸಮೇತ ತೂಗಿ ಕೊಡಿ. ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆ ಬ್ಯಾಗ್.

ಹೆಲಿಕಾಪ್ಟರ್ ನಿಲ್ಲೋದು ಬೆಂಗಳೂರಿನ ಜಕ್ಕೂರು ಏರೋಡ್ರೋಮಲ್ಲಿ. ಜಕ್ಕೂರು–ತುಮಕೂರು 20 ನಿಮಿಷ, ತುಮಕೂರು–ರೇಣಿಗುಂಟ (ತಿರುಪತಿಯ ವಿಮಾನ ನಿಲ್ದಾಣ) 1 ಗಂಟೆ 10, ವಾಪಸ್ಸೂ ಅಷ್ಟೇ. ಒಟ್ಟು 3 ಗಂಟೆ. ಗಂಟೆಗೆ 1.2 ಲಕ್ಷ ಅಂದ್ರೆ 3.6, ಜಿಎಸ್‌ಟಿ ಸೇರಿ 4.25 ಲಕ್ಷ. ಹೆಲಿಪ್ಯಾಡ್ ಖರ್ಚು, ಕಾಯೋ ಚಾರ್ಜ್ ಬೇರೆ.

ಸಿಂಗಲ್ ಎಂಜಿನ್ ಕತ್ತಲಲ್ಲಿ ಹಾರಲ್ಲ. ಜಕ್ಕೂರಿಗೆ ಹೊತ್ತು ಮುಳುಗೋ ಮುಂಚೆ ಸೇರಬೇಕು. ಹಿಂದಕ್ಕೆ ಲೆಕ್ಕ ಹಾಕಿದ್ರೆ ರೇಣಿಗುಂಟ ಬಿಡೋದು ಸಂಜೆ 4ಕ್ಕೆ, ಅಂದ್ರೆ ಬೆಟ್ಟದಿಂದ ಕಾರು ಇಳಿಯೋದು ಎರಡೂವರೆಗೆ. ಹೆಲಿಕಾಪ್ಟರ್ ಬೆಟ್ಟದ ಮೇಲೆ ಹೋಗಲ್ಲ, ಘಾಟ್ ರಸ್ತೆ ಎಲ್ಲರಿಗೂ ಒಂದೇ. ದರ್ಶನದ ಟಿಕೆಟ್ ಬೆಳಗಿನದೇ ಆಗಿರಲಿ. ಕ್ಯೂ ಎಳೀತು ಅಂದ್ರೆ ಪೈಲಟ್ ಕಾಯಲ್ಲ, ಕಾಯೋ ಹಾಗೂ ಇಲ್ಲ.

ಜಾಗದ ವಿಷಯ: 30 ಮೀಟರ್ ಉದ್ದ, 30 ಮೀಟರ್ ಅಗಲ ಸಮತಟ್ಟು, ಗಟ್ಟಿ ನೆಲ. ರೋಟರ್ ವ್ಯಾಸ 35 ಅಡಿ, ಬಾಲ ಸೇರಿದ್ರೆ 42 ಅಡಿ ಹತ್ತಿರ. ಇಳಿಯೋ, ಏರೋ ಎರಡು ದಿಕ್ಕು ಖಾಲಿ ಇರಬೇಕು. ತುಮಕೂರಿನ ತೆಂಗಿನ ತೋಟ ಅಂದ್ರೆ ಮೊದಲ ಅಡ್ಡಿ ಅದೇ, ಎರಡನೇದು ಬೆಸ್ಕಾಂ ತಂತಿ. ನಾಲ್ಕು ದಿಕ್ಕಿನ ಫೋಟೋ, ಅಕ್ಷಾಂಶ–ರೇಖಾಂಶವನ್ನ ಡಿಗ್ರಿ, ಮಿನಿಟು, ಸೆಕೆಂಡಲ್ಲಿ ಆಪರೇಟರ್‌ಗೆ ಕಳಿಸಿ. ಹಿಂದಿನ ಸಂಜೆ ನೀರು ಹೊಡೆದು ರೋಲರ್ ಓಡಿಸಿ, ಇಳಿಯೋ ಒಂದು ಗಂಟೆ ಮುಂಚೆ ಮತ್ತೆ ನೀರು. ನಮ್ಮ ಕೆಂಪು ಮಣ್ಣು ಒಣಗಿದ್ರೆ ಧೂಳೆದ್ದು ಪೈಲಟ್‌ಗೆ ನೆಲವೇ ಕಾಣಲ್ಲ. ಸುಣ್ಣದಲ್ಲಿ ಎಚ್ ಗುರುತು. ಪಕ್ಕದ ಟೊಮೆಟೊ ಹೊಲದಲ್ಲಿ ಮಲ್ಚಿಂಗ್ ಶೀಟ್ ಇದ್ದರೆ ಕಿತ್ತು ಮಡಚಿ ಒಳಗಿಡಿ, ಒಂದು ತುಂಡು ರೋಟರ್‌ಗೆ ಸಿಕ್ಕರೂ ಅಪಾಯ. ಶಾಮಿಯಾನ 100 ಮೀಟರ್ ಆಚೆ.

ಕ್ಯಾತ್ಸಂದ್ರ
ಸೂರತ್‌ಗೆ ಡಬ್ಬ ಏನಿಲ್ಲ, ಬರೀ ಲ್ಯಾಪ್‌ಟಾಪ್. ತಿರುಪತಿಗೆ ಅಪ್ಪಾಜಿ, ಅಮ್ಮ ಸೇರಿ ಆರು ಜನ, ನಾಲ್ಕೇ ಅಂದ್ರೆ ಕಷ್ಟ. ಡಬಲ್ ಎಂಜಿನ್ ಆದ್ರೆ?

ಮುಳಬಾಗಿಲು
ಎಡಬ್ಲ್ಯೂ109, ಬೆಲ್ 429 ಇವೆ, ರೇಟು ಮೇಲಕ್ಕೆ ಹೋಗುತ್ತೆ. ಆದ್ರೆ ತೋಟದ ಹೆಲಿಪ್ಯಾಡಲ್ಲಿ ದೀಪ ಇಲ್ಲ, ಕತ್ತಲಾದ ಮೇಲೆ ಅದೂ ಇಳಿಯಲ್ಲ. ಸಿಂಗಲ್ ಎಂಜಿನ್ ಸಾಕು, ಹಗಲು ಹೋಗಿ ಹಗಲು ಬನ್ನಿ.

ಕೋಲಾರ ಟವರ್
ಸಾಕು ಅಂತ ಹೇಳ್ಬೇಡಿ! 2023ರ ಮೇ 2ರಂದು ಡಿ.ಕೆ. ಶಿವಕುಮಾರ್ ಜಕ್ಕೂರಿಂದ ನಿಮ್ಮ ಮುಳಬಾಗಿಲಿಗೇ ಬರ್ತಿದ್ದ ಹೆಲಿಕಾಪ್ಟರ್‌ಗೆ ಹದ್ದು ಬಡಿದು ಮುಂದಿನ ಗಾಜು ಪುಡಿಯಾಯ್ತು, ಎಚ್‌ಎಎಲ್‌ನಲ್ಲಿ ತುರ್ತಾಗಿ ಇಳಿಸಿದ್ರು. ವಯಸ್ಸಾದವರನ್ನ ಕೂರಿಸಿಕೊಂಡು ಹೋಗೋದಕ್ಕೆ ಎರಡು ಎಂಜಿನ್ ಬೇಕೇಬೇಕು.

ಮುಳಬಾಗಿಲು
ಹದ್ದು ಬಡಿದದ್ದು ಗಾಜಿಗೆ ಕಣಣ್ಣ. ನಾಲ್ಕು ಎಂಜಿನ್ ಇದ್ದಿದ್ರೆ ಗಾಜು ಉಳೀತಿತ್ತಾ? ಹದ್ದು ಬರೋದು ಕೋಳಿ ಅಂಗಡಿ ತ್ಯಾಜ್ಯ, ಕಸದ ರಾಶಿ ಇದ್ದ ಕಡೆ. ಹೆಲಿಪ್ಯಾಡ್ ಸುತ್ತ ಅದನ್ನ ತೆಗೆಸಿ. ಅದು ಬಿಟ್ಟು ಜನರಿಗೆ ಭಯ ಹುಟ್ಟಿಸ್ಬೇಡಿ.

ಶಿಡ್ಲಘಟ್ಟ
ಆಡಿಟ್ ಕಡೆಯಿಂದ ಎರಡು ಮಾತು. ಇಲ್ಲಿ ಎಲ್ಲರೂ ಜಿಎಸ್‌ಟಿ ಸೇರಿಸಿ ಸುಮ್ಮನಾಗಿದ್ದೀರಿ. ಕಂಪನಿ ಹೆಸರಲ್ಲಿ ಬಿಲ್ ಮಾಡಿಸಿದ್ರೆ ಆ 18% ವಾಪಸ್ ಬರುತ್ತೆ ಅಂತ ಬ್ರೋಕರ್‌ಗಳು ಹೇಳ್ತಾರೆ. ಬರಲ್ಲ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5) ಪ್ರಕಾರ ವಿಮಾನ ಬಾಡಿಗೆಯ ಇನ್‌ಪುಟ್ ಕ್ರೆಡಿಟ್ ನಿಮ್ಮಂಥ ತಯಾರಿಕಾ ಯೂನಿಟ್‌ಗೆ ಸಿಗಲ್ಲ. ಹೆಲಿಕಾಪ್ಟರಲ್ಲಿ ಸೀಟ್ ಲೆಕ್ಕದಲ್ಲಿ ಹೋದ್ರೆ 5%, ಪೂರ್ತಿ ಚಾರ್ಟರ್ ಆದ್ರೆ 18%, ಇದು 2024ರ ಸೆಪ್ಟೆಂಬರ್ ಜಿಎಸ್‌ಟಿ ಕೌನ್ಸಿಲ್ ಸಭೆಯಲ್ಲೇ ಸ್ಪಷ್ಟವಾಗಿದೆ. ಸೂರತ್ ಖರ್ಚನ್ನ ವ್ಯವಹಾರದ ಖರ್ಚಿಗೆ ಹಾಕಿ, ಮೀಟಿಂಗ್ ಆಹ್ವಾನ, ಪ್ರಯಾಣಿಕರ ಪಟ್ಟಿ ಫೈಲಲ್ಲಿಡಿ. ತಿರುಪತಿ ಬಿಲ್ಲನ್ನ ಕಂಪನಿಗೆ ತೂರಿಸೋ ಯೋಚನೆಯೇ ಬೇಡ.

ಗೌರಿಬಿದನೂರು
ಇಷ್ಟೆಲ್ಲ ಬರೆದ್ರಿ, ಮುಖ್ಯವಾದದ್ದು ಬಿಟ್ರಿ. ವಿಮಾನಕ್ಕೆ ಬಾಡಿಗೆ ಓಡಿಸೋ ಪರ್ಮಿಟ್ ಇದೆಯಾ? ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಡೋ ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್ ಇದ್ದವರು ಮಾತ್ರ ದುಡ್ಡು ತಗೊಂಡು ಜನ ಕೂರಿಸಬಹುದು. ಯಾರದೋ ಕಂಪನಿಯ ಸ್ವಂತ ವಿಮಾನವನ್ನ ಕಡಿಮೆ ರೇಟಿಗೆ ಕೊಡಿಸ್ತೀನಿ ಅಂತ ಬರ್ತಾರೆ. ಅದು ಅಕ್ರಮ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ವಿಮಾ ಕಂಪನಿ ಕೈ ಎತ್ತುತ್ತೆ. ಬ್ರೋಕರ್ ಹತ್ರ ವಿಟಿ ಇಂದ ಶುರುವಾಗೋ ರಿಜಿಸ್ಟ್ರೇಷನ್ ನಂಬರ್ ಲಿಖಿತವಾಗಿ ತಗೊಳ್ಳಿ, ಪರ್ಮಿಟ್ ಪ್ರತಿ ಕೇಳಿ, ಆ ನಂಬರ್ ಪರ್ಮಿಟ್‌ನಲ್ಲಿದೆಯಾ ನೋಡಿ. ಇನ್‌ವಾಯ್ಸ್ ಆಪರೇಟರ್ ಹೆಸರಲ್ಲೇ ಬರಲಿ.

ಒಪ್ಪಂದದಲ್ಲಿ ಮೂರು ಸಾಲು ಓದಿ. ರದ್ದತಿ: 48 ಗಂಟೆಗೆ ಎಷ್ಟು ಕಡಿತ, 24 ಗಂಟೆಗೆ ಎಷ್ಟು. ವಿಮಾನ ಕೆಟ್ಟರೆ: ಬದಲಿ ವಿಮಾನ ತರಿಸೋ ಖರ್ಚು ಯಾರದು. ಹವಾಮಾನ ಕೆಟ್ಟು ಬೇರೆ ಕಡೆ ಇಳಿದ್ರೆ: ಆ ಗಂಟೆಗಳ ದುಡ್ಡು ಯಾರು ಕೊಡೋದು. ಕೊನೆಯದು ಹೆಚ್ಚಾಗಿ ನಿಮ್ಮ ಮೇಲೇ ಬರೆದಿರುತ್ತೆ.

ಬಾಗೇಪಲ್ಲಿ
ನಮ್ಮ ಕಡೆಯವರಿಗೆ ಪುಟ್ಟಪರ್ತಿ ಇದೆ. ಖಾಸಗಿ ವಿಮಾನ ನಿಲ್ದಾಣ, ಮೊದಲೇ ಅನುಮತಿ ತಗೊಂಡ್ರೆ ಚಾರ್ಟರ್ ಇಳಿಯುತ್ತೆ. ಬೆಂಗಳೂರಿನ ಟ್ರಾಫಿಕ್ ಮುಟ್ಟೋದೇ ಬೇಡ.

ಶಿರಾ ಗೇಟ್
ತುಮಕೂರಿಂದ ಪುಟ್ಟಪರ್ತಿಗೆ ರಸ್ತೆ ಎಷ್ಟು ಗಂಟೆ ಅಂತ ನೋಡಿದ್ರಾ? ವಿಮಾನ ಬೆಂಗಳೂರಿಂದ ಅಲ್ಲಿಗೆ ಖಾಲಿ ಬರೋ ಬಿಲ್ ಬೇರೆ. ಎಚ್‌ಎಎಲ್ ಬೇಡ ಅಂದ್ರೆ ಡಾಬಸ್‌ಪೇಟೆ–ದೊಡ್ಡಬಳ್ಳಾಪುರ ಹಿಡಿದು ದೇವನಹಳ್ಳಿಗೆ ಹೋಗಿ. ಊರೊಳಗೆ ನುಗ್ಗೋದು ತಪ್ಪುತ್ತೆ.

ಗುಬ್ಬಿ
ನಮ್ಮ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯೇ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಗಿದೆ. ಆದ್ರೂ ತುಮಕೂರಿಗೆ ಒಂದು ವಿಮಾನ ನಿಲ್ದಾಣ ಇಲ್ಲ. ಅದನ್ನ ಕೇಳೋದು ಬಿಟ್ಟು ಹಾಕರ್, ಕಿಂಗ್ ಏರ್ ಅಂತ ಜಗಳ.

ಚಿಕ್ಕಬಳ್ಳಾಪುರ ಗುಲಾಬಿ
ಹೆಲಿಪ್ಯಾಡ್ ಮಾಡೋರು ಪಾಲಿಹೌಸ್ ಇದ್ದವರನ್ನೂ ಸ್ವಲ್ಪ ನೆನೆಸಿಕೊಳ್ಳಿ. ಪಕ್ಕದ ಜಮೀನಿಗೆ ಹೆಲಿಕಾಪ್ಟರ್ ಇಳಿದ್ರೆ ಕೆಳಗೆ ಹೊಡೆಯೋ ಗಾಳಿಗೆ ಪಾಲಿಹೌಸ್ ಶೀಟ್ ಕ್ಲಿಪ್‌ನಿಂದ ಕಿತ್ತು ಹೋಗುತ್ತೆ, ಶೇಡ್‌ನೆಟ್ ಹರಿಯುತ್ತೆ. ಪರಿಹಾರ ಕೊಡೋಕೆ ಯಾರೂ ಮುಂದೆ ಬರಲ್ಲ. ಪಕ್ಕದವರ ಒಪ್ಪಿಗೆಯನ್ನೂ ಕಾಗದದಲ್ಲಿ ತಗೊಳ್ಳಿ. ಮದುವೆಗಳಲ್ಲಿ ಮೇಲಿಂದ ಹೂ ಸುರಿಸೋದು ಬೇರೆ, ನಮ್ಮ ಹೂ ಖರೀದಿಸಿ ನಮ್ಮ ಪಾಲಿಹೌಸನ್ನೇ ಹರಿದು ಹೋಗ್ತಾರೆ.

ಮುಳಬಾಗಿಲು
ಹೂ ಸುರಿಸೋದಕ್ಕೆ ಪ್ರತ್ಯೇಕ ಅನುಮತಿ ಬೇಕು ಅಕ್ಕ. ಹಾರೋ ವಿಮಾನದಿಂದ ವಸ್ತು ಬೀಳಿಸೋದು ನಿಯಮದಲ್ಲೇ ನಿಷಿದ್ಧ. ಹಾಗೇ ಸುರಿಸೋರನ್ನ ನಮ್ಮ ಜೊತೆ ಸೇರಿಸ್ಬೇಡಿ.

ಚಿಕ್ಕಬಳ್ಳಾಪುರ ಗುಲಾಬಿ
ಸೇರಿಸಿಲ್ಲ. ಆದ್ರೆ ನಿಮ್ಮ ಪಟ್ಟಿಯಲ್ಲಿ ಟೊಮೆಟೊ ಶೀಟ್ ಇತ್ತು, ಪಾಲಿಹೌಸ್ ಇರಲಿಲ್ಲ.

ಕೋಲಾರ ಟವರ್
ಅನುಮತಿ ವಿಷಯ ಪೂರ್ತಿ ಮಾಡ್ತೀನಿ. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಜೊತೆಗೆ ಪಹಣಿ, ಜಮೀನು ಮಾಲೀಕರ ಒಪ್ಪಿಗೆ ಪತ್ರ, ಜಾಗದ ನಕ್ಷೆ, ಆಪರೇಟರ್ ಪರ್ಮಿಟ್ ಪ್ರತಿ. ಅಲ್ಲಿಂದ ಪೊಲೀಸ್, ಅಗ್ನಿಶಾಮಕ, ಲೋಕೋಪಯೋಗಿ ಇಲಾಖೆಗೆ ವರದಿ ಕೇಳಿ ಹೋಗುತ್ತೆ. ಕಡಿಮೆ ಅಂದ್ರೂ ಹತ್ತು ದಿನ ಮುಂಚೆ ಕೊಡಿ, ಮಧ್ಯೆ ಹಬ್ಬದ ರಜೆ ಬಂದ್ರೆ ಇನ್ನೂ ಮುಂಚೆ. ಹಾರಾಟದ ದಿನದ ಏರ್ ಡಿಫೆನ್ಸ್ ಕ್ಲಿಯರೆನ್ಸ್ ನಂಬರ್ ತರೋದು ಆಪರೇಟರ್ ಕೆಲಸ, ಅದು ಬರದೆ ಏಳಲ್ಲ. ಜಕ್ಕೂರಿನ ಪಕ್ಕದಲ್ಲೇ ಯಲಹಂಕ ವಾಯುನೆಲೆ, ಏರೋ ಇಂಡಿಯಾ ನಡೆಯೋ ಫೆಬ್ರವರಿಗಳಲ್ಲಿ ವಾಯುಮಾರ್ಗ ಗಂಟೆಗಟ್ಟಲೆ ಮುಚ್ಚಿರುತ್ತೆ.

ಆರು ಜನಕ್ಕೆ ಡಬಲ್ ಎಂಜಿನ್, ಇಲ್ಲಾಂದ್ರೆ ನಾಲ್ಕು ಜನ ಹೆಲಿಕಾಪ್ಟರಲ್ಲಿ, ಇಬ್ಬರು ಹಿಂದಿನ ರಾತ್ರಿಯೇ ಕಾರಲ್ಲಿ ಲಗೇಜ್ ತಗೊಂಡು ರೇಣಿಗುಂಟಕ್ಕೆ. ಬೆಟ್ಟ ಹತ್ತೋಕೂ ಅದೇ ಕಾರು ಆಗುತ್ತೆ.

ಮುಳಬಾಗಿಲು
ಕಾರಿನ ಮಾತು ಸರಿ. ಡಬಲ್ ಎಂಜಿನ್ ಮಾತು ನಾನು ಒಪ್ಪಲ್ಲ.

ಕ್ಯಾತ್ಸಂದ್ರ
ಬ್ರೋಕರ್‌ಗೆ ರಿಜಿಸ್ಟ್ರೇಷನ್ ನಂಬರ್ ಕೇಳಿದೆ, ವಿಮಾನ ಹೈದರಾಬಾದ್‌ನಲ್ಲಿ ನಿಲ್ಲುತ್ತಂತೆ. ಬೆಂಗಳೂರಲ್ಲೇ ನಿಲ್ಲೋ ಬಿ200 ಇರೋ ಆಪರೇಟರ್‌ಗಳಿಗೆ ನೇರವಾಗಿ ಬರೀತಿದ್ದೀನಿ. ತೋಟದ ನಾಲ್ಕು ದಿಕ್ಕಿನ ಫೋಟೋ ತೆಗೆದೆ, ಪೂರ್ವಕ್ಕೆ ಬೆಸ್ಕಾಂ ಹನ್ನೊಂದು ಕೆವಿ ಲೈನ್ ಇದೆ, ಪಶ್ಚಿಮ, ದಕ್ಷಿಣ ಖಾಲಿ.

ಮುಳಬಾಗಿಲು
ಲೈನ್‌ಗೂ ಎಚ್ ಗುರುತಿಗೂ ಎಷ್ಟು ಮೀಟರ್ ಅಂತ ಅಳೆದು ಅದನ್ನೂ ಬರೆದು ಕಳಿಸಿ. ಮಾರ್ಚ್‌ನಲ್ಲಿ ಗಾಳಿ ಎತ್ತ ಕಡೆಯಿಂದ ಬೀಸುತ್ತೆ ಅಂತ ತೋಟದವರನ್ನ ಕೇಳಿ ಸೇರಿಸಿ, ಗಾಳಿಗೆ ಎದುರಾಗಿ ಇಳಿಯೋ ದಿಕ್ಕು ಖಾಲಿ ಇರಬೇಕು.