ಸಹಾಯ ಬೇಕು: ಜ್ವರ, ಮೈಮೇಲೆ ಕೆಂಪು ಕಲೆ ಇರುವ ಪೇಷಂಟ್ ಕೇಸ್ ಪ್ರೆಸೆಂಟೇಶನ್
ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ ನರ್ಸಿಂಗ್ ಎರಡನೇ ವರ್ಷ. ಸೋಮವಾರ ಕೇಸ್ ಪ್ರೆಸೆಂಟೇಶನ್ ಇದೆ. ಸೀನಿಯರ್ ಅಕ್ಕಂದಿರು, ಅಣ್ಣಂದಿರು ಸ್ವಲ್ಪ ದಾರಿ ತೋರಿಸಿ.

ಪೇಷಂಟ್ ಮಧ್ಯವಯಸ್ಸಿನ ಹೆಂಗಸು. ದಿನಾ ದನಕ್ಕೆ ಹುಲ್ಲು ಕೊಯ್ಯುತ್ತಾರೆ. ಆರು ದಿನದಿಂದ ಜ್ವರ, ತಲೆನೋವು. ನಾನು ನೋಡಿದಾಗ 102 ಡಿಗ್ರಿ ಇತ್ತು, ಉಸಿರು ನಿಮಿಷಕ್ಕೆ 26. ಎದೆ, ಹೊಟ್ಟೆ ಮೇಲೆ ಸಣ್ಣ ಕೆಂಪು ಕಲೆಗಳು. ಬೆರಳಿಂದ ಒತ್ತಿದರೆ ಮಾಸಿ ಮತ್ತೆ ಬರುತ್ತಿದ್ದವು. ತುರಿಕೆ ಇಲ್ಲ. ಮಳೆಗಾಲ ಅಲ್ವಾ, ಸುಮ್ನೆ ಡೆಂಗಿ ಇರಬೇಕು ಅಂದುಕೊಂಡೆ.

ಮಾರನೇ ದಿನ ಸ್ಪಂಜ್ ಬಾತ್ ಕೊಡುವಾಗ ಕಂಕುಳಲ್ಲಿ ಒಂದು ಕಪ್ಪು ಹಕ್ಕಳೆ ಕಂಡಿತು. ಬೀಡಿ ಸುಟ್ಟ ಹಾಗೆ, ಸುತ್ತ ಕೆಂಪು. ನೋವಿಲ್ಲ, ಅದಕ್ಕೇ ಅವರು ಹೇಳಿರಲಿಲ್ಲ. ಮೊದಲ ದಿನ ನಾನೂ ಕೈ ಎತ್ತಿಸಿ ನೋಡಿರಲಿಲ್ಲ! ಮೇಡಂ ನೋಡಿ, "ಇದು ಎಸ್ಕಾರ್. ಸ್ಕ್ರಬ್ ಟೈಫಸ್ ಓದ್ಕೊಂಡು ಬಾ" ಅಂದರು. (ಸ್ಕ್ರಬ್ ಟೈಫಸ್ ಅಂದರೆ ಹುಲ್ಲು, ಪೊದೆಯಲ್ಲಿರುವ ಸಣ್ಣ ಹುಳ ಕಚ್ಚಿ ಬರುವ ಜ್ವರ; ಕಚ್ಚಿದ ಜಾಗದ ಕಪ್ಪು ಹಕ್ಕಳೆಯೇ ಎಸ್ಕಾರ್.) ಡಾಕ್ಟರ್ ಅದರ ಐಜಿಎಂ ಎಲೈಸಾ ಪರೀಕ್ಷೆಗೆ ರಕ್ತ ಕಳಿಸಿ, ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಆಂಟಿಬಯೋಟಿಕ್ 100 ಮಿ.ಗ್ರಾಂ ದಿನಕ್ಕೆ ಎರಡು ಸಲ ಶುರು ಮಾಡಿದರು.

ನರ್ಸಿಂಗ್ ಡಯಾಗ್ನೋಸಿಸ್‌ನಲ್ಲಿ (ನರ್ಸ್ ನೋಡಿಕೊಳ್ಳಬೇಕಾದ ತೊಂದರೆಗಳ ಪಟ್ಟಿ) ರೋಗದ ಹೆಸರು ಬರೆಯುವ ಹಾಗಿಲ್ಲ, ಅದು ಗೊತ್ತು. ಆದರೆ ಹೈಪರ್‌ಥರ್ಮಿಯಾ (ಮೈ ಬಿಸಿ ಏರಿರುವುದು) ಮೊದಲು ಇಡಲಾ, ಉಸಿರಾಟದ್ದು ಮೊದಲಾ? ದಡಾರ, ಡೆಂಗಿ ಅಲ್ಲ ಅಂತ ಹೇಳಲು ಇನ್ನೇನು ನೋಡಬೇಕಿತ್ತು? ಮೈಬಣ್ಣ ಕಪ್ಪಿದ್ದವರಲ್ಲಿ ಕಲೆ ಸರಿಯಾಗಿ ಕಾಣಲ್ಲ, ನೀವು ಹೇಗೆ ನೋಡುತ್ತೀರಿ?

ಭಾನುವಾರ ರಾತ್ರಿ ಒಳಗೆ ಹೇಳಿದರೆ ತುಂಬಾ ಉಪಕಾರ. ಫೋಟೋ ಕೇಳಬೇಡಿ, ಹಾಕಲ್ಲ.