ಗ್ರಾಫಿಕ್ಸ್ ಕಾರ್ಡ್ 84 ಡಿಗ್ರಿಯಿಂದ ಇಳಿಯುತ್ತಲೇ ಇಲ್ಲ, ಫ್ಯಾನ್ ಬದಲಿಸಿದರೂ ಪ್ರಯೋಜನವಾಗಿಲ್ಲ

ಬಿಸಿಲುನಾಡು:
ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು 10 ಜಿಬಿಯ ಆರ್‌ಟಿಎಕ್ಸ್ 3080. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಉಷ್ಣತೆ 84 ಡಿಗ್ರಿ ಮುಟ್ಟುತ್ತದೆ, ಕಾರ್ಡಿನ ಮೂರೂ ಫ್ಯಾನ್‌ಗಳು ಪೂರ್ತಿ ವೇಗದಲ್ಲಿ ಕಿರುಚತೊಡಗುತ್ತವೆ, ಆಮೇಲೆ ಫ್ರೇಮ್‌ಗಳು ಮುಗ್ಗರಿಸುತ್ತವೆ. ಕ್ಯಾಬಿನೆಟ್ಟಿನ ಫ್ಯಾನ್‌ಗಳನ್ನು ಬದಲಿಸಿದೆ, ಧೂಳು ಊದಿಸಿದೆ, ಡ್ರೈವರ್ ಅಳಿಸಿ ಹೊಸದಾಗಿ ಹಾಕಿದೆ. ಒಂದು ಡಿಗ್ರಿಯೂ ಇಳಿದಿಲ್ಲ. ಇಷ್ಟು ಹಣ ಸುರಿದ ಮೇಲೂ ಹೀಗಾದರೆ ಏನು ಮಾಡುವುದು? ತಿಳಿದವರು ದಯವಿಟ್ಟು ಪರಿಹಾರ ಹೇಳಿ. ಹೊಸ ಕಾರ್ಡ್ ಕೊಳ್ಳಿ ಎಂಬ ಸಲಹೆ ಮಾತ್ರ ಬೇಡ.

ಜಾಲರಿಪ್ರಿಯ:
ಕ್ಯಾಬಿನೆಟ್ ಯಾವುದೆಂದು ನೀವು ಹೇಳಿಯೇ ಇಲ್ಲ. 3080 ಎಂದರೆ 320 ವಾಟ್. ಅದು ಎಳೆದುಕೊಳ್ಳುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕ್ಯಾಬಿನೆಟ್ಟಿನೊಳಗೇ ಬೀಳುತ್ತದೆ. ಮುಂಭಾಗ ಗಾಜಿನದಾಗಿದ್ದರೆ ನೀವು ಎಷ್ಟು ಫ್ಯಾನ್ ಬದಲಿಸಿದರೂ ಅವಕ್ಕೆ ಎಳೆದುಕೊಳ್ಳಲು ಗಾಳಿಯೇ ಸಿಗುವುದಿಲ್ಲ. ಇಂಥ ದೂರುಗಳಲ್ಲಿ ಹೆಚ್ಚಿನವು ಕ್ಯಾಬಿನೆಟ್ಟಿನ ದೋಷಗಳೇ ಎಂಬುದು ನನ್ನ ಅನುಭವ.

ಬಿಸಿಲುನಾಡು:
ಮುಂಭಾಗ ಜಾಲರಿಯದೇ ಸರ್. ನಾನಿರುವುದು ಕಲಬುರಗಿಯಲ್ಲಿ, ಈಗ ಏಪ್ರಿಲ್; ಮಧ್ಯಾಹ್ನ ಕೋಣೆಯೊಳಗೇ 38 ಡಿಗ್ರಿ ಇರುತ್ತದೆ. ಅದಕ್ಕಾಗಿ ಏರ್ ಕೂಲರನ್ನು ಕ್ಯಾಬಿನೆಟ್ಟಿನ ಕಡೆಗೇ ತಿರುಗಿಸಿ ಇಟ್ಟಿದ್ದೇನೆ.

ಕಡಲತಡಿ:
ಮೊದಲು ಆ ಕೂಲರನ್ನು ಆರಿಸಿ! ಒದ್ದೆ ಗಾಳಿಯನ್ನು ನೇರವಾಗಿ ಮದರ್‌ಬೋರ್ಡಿನ ಮೇಲೆ ಬಿಟ್ಟುಕೊಂಡು ಉಷ್ಣತೆಯ ಚಿಂತೆ ಮಾಡುತ್ತಿದ್ದೀರಲ್ಲ. ತೇವ ಕಟ್ಟಿದರೆ ಎಲ್ಲವೂ ಸುಟ್ಟುಹೋಗುತ್ತದೆ.

ಜಾಲರಿಪ್ರಿಯ:
ತೇವ ಹೇಗೆ ಕಟ್ಟುತ್ತದೆ ಸರ್? ಗಾಳಿಗಿಂತ ತಣ್ಣಗಿರುವ ಮೇಲ್ಮೈಯ ಮೇಲೆ ಮಾತ್ರ ಹನಿ ಕೂರುತ್ತದೆ. ಓಡುತ್ತಿರುವ ಕಂಪ್ಯೂಟರಿನ ಒಳಗೆ ಕೋಣೆಯ ಗಾಳಿಗಿಂತ ತಣ್ಣಗಿರುವ ಭಾಗ ಒಂದೂ ಇರುವುದಿಲ್ಲ. ಬಯಲುಸೀಮೆಯ ಒಣ ಬಿಸಿಲಿನಲ್ಲಿ ಕೂಲರ್‌ನಿಂದ ಲಾಭವೇ ಹೊರತು ನಷ್ಟವಿಲ್ಲ.

ಕಡಲತಡಿ:
ಆವಿಯ ವಿಷಯ ಬಿಡಿ, ನಾನು ಹೇಳುತ್ತಿರುವುದು ಹನಿಗಳ ವಿಷಯ. ಕೂಲರಿನ ಹುಲ್ಲಿನಿಂದ ಸಿಡಿಯುವ ಸಣ್ಣ ಹನಿಗಳಲ್ಲಿ ಬೋರ್‌ವೆಲ್ ನೀರಿನ ಸುಣ್ಣವೂ ಇರುತ್ತದೆ. ಮುಂದಿನ ಜಾಲರಿಯ ಮೇಲೆ ಬೆರಳಾಡಿಸಿ ನೋಡಲಿ, ಬಿಳಿ ಪುಡಿ ಅಂಟದಿದ್ದರೆ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ.

ಬಿಸಿಲುನಾಡು:
ಬಿಳಿ ಪುಡಿ ಇರುವುದು ನಿಜ. ಕೂಲರನ್ನು ಕಿಟಕಿಯ ಕಡೆಗೆ ಸರಿಸಿದ್ದೇನೆ. ಉಷ್ಣತೆ ಮಾತ್ರ ಹಾಗೆಯೇ ಇದೆ.

ನೀರುಕೊಳವೆ:
ಗಾಳಿಯನ್ನು ನಂಬಿದರೆ ಹೀಗೆಯೇ ಆಗುವುದು. ನಾನು ಇದೇ ಕಾರ್ಡಿಗೆ ನೀರು ಹರಿಸಿ ತಣಿಸುವ ವಾಟರ್ ಬ್ಲಾಕ್ ಹಾಕಿ, 360 ಮಿ.ಮೀ. ರೇಡಿಯೇಟರ್‌ಗಳನ್ನು ಒಂದು ಮೇಲೆ, ಇನ್ನೊಂದು ಮುಂದೆ ಕೂರಿಸಿದ್ದೇನೆ. ಪೂರ್ತಿ ಹೊರೆಯಲ್ಲೂ 55 ಡಿಗ್ರಿ ದಾಟುವುದಿಲ್ಲ. ಕೊಳವೆಗಳನ್ನು ನಾನೇ ಕಾಯಿಸಿ ಬಗ್ಗಿಸಿದ್ದು. ಚಿತ್ರ ಬೇಕಾದವರು ಕೇಳಿ, ಹಾಕುತ್ತೇನೆ.

ಮಿತವೋಲ್ಟ್:
ಚಿತ್ರ ಆಮೇಲೆ ನೋಡೋಣ. ಬಿಸಿಲುನಾಡು ಅವರೇ, ಒಂದು ಪೈಸೆ ಖರ್ಚಿಲ್ಲದ ದಾರಿ ಇದೆ: ಕಾರ್ಡಿಗೆ ಹೋಗುವ ವೋಲ್ಟೇಜ್ ತಗ್ಗಿಸುವುದು. ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒತ್ತಿ ವೋಲ್ಟೇಜ್ ರೇಖೆಯನ್ನು ತೆರೆಯಿರಿ. 850 ಮಿಲಿವೋಲ್ಟಿನ ಬಿಂದುವನ್ನು 1800 ಮೆಗಾಹರ್ಟ್ಸ್‌ಗೆ ಏರಿಸಿ, ಅದರ ಬಲಕ್ಕಿರುವ ರೇಖೆಯನ್ನು ಸಪಾಟು ಮಾಡಿ. ಅನೇಕ 3080 ಕಾರ್ಡುಗಳು ಇಷ್ಟಕ್ಕೆ ಒಗ್ಗುತ್ತವೆ. ಆಟ ಕುಸಿದುಬಿದ್ದರೆ ವೋಲ್ಟೇಜನ್ನು ಸ್ವಲ್ಪ ಹೆಚ್ಚಿಸಿಕೊಳ್ಳಿ.

ಬಿಸಿಲುನಾಡು:
ಮಾಡಿದೆ. 84 ಇದ್ದದ್ದು 79ಕ್ಕೆ ಬಂತು, ಧನ್ಯವಾದ. ಆದರೆ ಸದ್ದು ಅಷ್ಟೇ ಇದೆ, ಮುಗ್ಗರಿಸುವುದೂ ನಿಂತಿಲ್ಲ.

ಜಾಲರಿಪ್ರಿಯ:
ಹಾಗಾದರೆ ಗಾಳಿಯ ಒತ್ತಡದ್ದೇ ತೊಂದರೆ. ಹಿಂದಿನ ಮತ್ತು ಮೇಲಿನ ಫ್ಯಾನ್‌ಗಳು ಕಾರ್ಡಿಗೆ ಸೇರಬೇಕಾದ ಗಾಳಿಯನ್ನು ಮೊದಲೇ ಹೊರಗೆ ಎಳೆದುಹಾಕುತ್ತಿವೆ. ಮೇಲಿನದನ್ನು ಬಿಚ್ಚಿಡಿ.

ಹಳೇಬೆಸುಗೆ:
ಇಷ್ಟು ಹೊತ್ತು ಎಲ್ಲರೂ ಒಂದೇ ಅಂಕಿಯನ್ನು ಹಿಡಿದು ಮಾತನಾಡುತ್ತಿದ್ದೀರಿ. 84 ಎನ್ನುವುದು ಕೋರ್‌ನ, ಅಂದರೆ ಕಾರ್ಡಿನ ಮುಖ್ಯ ಚಿಪ್ಪಿನ, ಉಷ್ಣತೆ. ಈ ಕಾರ್ಡಿಗೆ 83ರ ಗುರಿಯನ್ನು ತಯಾರಿಕೆಯಲ್ಲೇ ಇಟ್ಟಿರುವುದರಿಂದ, 38 ಡಿಗ್ರಿಯ ಕೋಣೆಯಲ್ಲಿ 84 ಬಂದರೆ ಅದರಲ್ಲಿ ಅಂಥ ಆಶ್ಚರ್ಯವೇನೂ ಇಲ್ಲ. ಉಷ್ಣತೆಗಳನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದು, ವೋಲ್ಟೇಜನ್ನು ಮೊದಲಿನಂತೆಯೇ ಬಿಟ್ಟು, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಬಿಂದು) ಎಷ್ಟು, ಮೆಮೊರಿ ಜಂಕ್ಷನ್ (ಮೆಮೊರಿ ಚಿಪ್ಪುಗಳ ಒಳಗಿನ ಉಷ್ಣತೆ) ಎಷ್ಟು ಎಂದು ಹೇಳಿ. ಜೊತೆಗೆ ಪಕ್ಕದ ಬಾಗಿಲನ್ನು ತೆಗೆದು, ಟೇಬಲ್ ಫ್ಯಾನ್ ಹಚ್ಚಿ ಇನ್ನೊಮ್ಮೆ ಅಳೆಯಿರಿ.

ಬಿಸಿಲುನಾಡು:
ಬಾಗಿಲು ಮುಚ್ಚಿದಾಗ ಕೋರ್ 84, ಹಾಟ್‌ಸ್ಪಾಟ್ 108, ಮೆಮೊರಿ 78. ಬಾಗಿಲು ತೆರೆದು ಟೇಬಲ್ ಫ್ಯಾನ್ ಹಚ್ಚಿದಾಗ ಕೋರ್ 81, ಹಾಟ್‌ಸ್ಪಾಟ್ 105, ಮೆಮೊರಿ 74.

ಹಳೇಬೆಸುಗೆ:
ಅಂಕಿಗಳೇ ಮಾತನಾಡುತ್ತಿವೆ. ಕೋರ್ ಮತ್ತು ಹಾಟ್‌ಸ್ಪಾಟ್‌ಗಳ ನಡುವೆ ಹತ್ತರಿಂದ ಹದಿನೈದು ಡಿಗ್ರಿ ವ್ಯತ್ಯಾಸವಿದ್ದರೆ ಸಹಜ. ನಿಮ್ಮದರಲ್ಲಿ 24 ಇದೆ, ಗಾಳಿ ಹೆಚ್ಚಿಸಿದರೂ ಅದೇ 24 ಉಳಿದಿದೆ. ಗಾಳಿಯ ಕೊರತೆಯಾಗಿದ್ದರೆ ಎಲ್ಲ ಅಂಕಿಗಳೂ ಚೆನ್ನಾಗಿ ಇಳಿಯಬೇಕಿತ್ತು. ಅಂದರೆ ಚಿಪ್ಪಿನ ಯಾವುದೋ ಒಂದು ಭಾಗಕ್ಕೆ ಶಾಖ ಹೀರುವ ಲೋಹದ ಹೀಟ್‌ಸಿಂಕ್ ಸರಿಯಾಗಿ ತಾಗುತ್ತಿಲ್ಲ. ಹಾಟ್‌ಸ್ಪಾಟ್ ಅಷ್ಟು ಏರಿದಾಗ ಕಾರ್ಡ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ, ನಿಮ್ಮ ಫ್ರೇಮ್‌ಗಳು ಮುಗ್ಗರಿಸುವುದು ಅದರಿಂದಲೇ.

ಆದರೆ ನನ್ನನ್ನು ಕಾಡುತ್ತಿರುವುದು ಆ 78. ಈ ಕಾರ್ಡಿನ ಜಿಡಿಡಿಆರ್6ಎಕ್ಸ್ ಮೆಮೊರಿ ಹುಟ್ಟಾ ಬಿಸಿ. 3080ಯಲ್ಲಿ ಅದು 90ರ ಮೇಲೆ ಓಡುವುದು ಮಾಮೂಲು, 110ಕ್ಕೆ ಹೋದಾಗ ಮಾತ್ರ ಕಾರ್ಡ್ ವೇಗ ತಗ್ಗಿಸುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ 78 ಬರುತ್ತಿದೆಯೆಂದರೆ ಈ ಕಾರ್ಡನ್ನು ಯಾರೋ ಬಿಚ್ಚಿ, ಮೆಮೊರಿಯ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪ್ಯಾಡ್‌ಗಳನ್ನು ಬದಲಿಸಿದ್ದಾರೆ. ಹೌದೋ ಅಲ್ಲವೋ?

ಬಿಸಿಲುನಾಡು:
ಹೌದು, ಇದು ಸೆಕೆಂಡ್ ಹ್ಯಾಂಡ್ ಕಾರ್ಡ್. ಕೊಡುವ ಮುಂಚೆ ಅಂಗಡಿಯವರೇ ಒಳ್ಳೆಯ ಪ್ಯಾಡ್ ಹಾಕಿ, ಚಿಪ್ಪು ಮತ್ತು ಹೀಟ್‌ಸಿಂಕಿನ ನಡುವೆ ಹೊಸ ಪೇಸ್ಟ್ ಹಚ್ಚಿ ಕೊಟ್ಟರು. ಅದು ಒಳ್ಳೆಯ ಸಂಗತಿಯೇ ಅಲ್ಲವೇ?

ಮಿತವೋಲ್ಟ್:
ಇದನ್ನು ಮೊದಲ ಸಾಲಿನಲ್ಲೇ ಬರೆಯಬಾರದಿತ್ತೇ ಸ್ವಾಮಿ!

ಹಳೇಬೆಸುಗೆ:
ಪ್ಯಾಡ್ ಒಳ್ಳೆಯದೇ ಇರಬಹುದು, ದಪ್ಪ ಹೆಚ್ಚಾಗಿದೆ ಅಥವಾ ತೀರ ಗಡುಸಾಗಿದೆ. ಮಂಚದ ಒಂದು ಕಾಲಿನಡಿ ಇಟ್ಟಿಗೆ ಚೂರು ಕೊಟ್ಟಂತೆ, ಮೆಮೊರಿಯ ಮೇಲಿನ ಪ್ಯಾಡ್ ಹೀಟ್‌ಸಿಂಕನ್ನು ಎತ್ತಿ ಹಿಡಿದಿದೆ. ಮೆಮೊರಿಗೆ ಭದ್ರವಾಗಿ ಒತ್ತು ಸಿಕ್ಕಿ ತಣ್ಣಗಿದೆ, ನಡುವಿನ ಚಿಪ್ಪಿಗೆ ಅರೆಬರೆ ಒತ್ತು ಸಿಕ್ಕಿ ಆ ಕೊರತೆಯನ್ನು ಪೇಸ್ಟ್ ತುಂಬುತ್ತಿದೆ. ಬಿಚ್ಚಿ ನೋಡಿ, ಚಿಪ್ಪಿನ ಒಂದು ಅಂಚಿನಲ್ಲಿ ಪೇಸ್ಟ್ ದಪ್ಪಗೆ ಉಳಿದಿರುತ್ತದೆ. ಬಿಚ್ಚುವಾಗ ಹೀಟ್‌ಸಿಂಕನ್ನು ಒಮ್ಮೆಲೇ ಎಳೆಯಬೇಡಿ, ಫ್ಯಾನಿನ ತಂತಿಗಳು ಬೋರ್ಡಿಗೆ ಸಿಕ್ಕಿಕೊಂಡಿರುತ್ತವೆ. ಮೆಮೊರಿಗೆ ಪ್ಯಾಡಿನ ಬದಲು ಥರ್ಮಲ್ ಪುಟ್ಟಿ ಹಾಕಿದರೆ ಅದು ಒತ್ತಿದಷ್ಟು ಅಮರುವುದರಿಂದ ದಪ್ಪದ ಲೆಕ್ಕಾಚಾರವೇ ಬೇಡ. ಚಿಪ್ಪಿಗೆ ಪೇಸ್ಟಿನ ಬದಲು ಹನಿವೆಲ್‌ನ ಪಿಟಿಎಂ7950 ಹಾಳೆ ಸಿಕ್ಕರೆ ಉತ್ತಮ, ಅದು ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಹರಡಿಕೊಳ್ಳುತ್ತದೆ, ಪೇಸ್ಟಿನಂತೆ ಬರಬರುತ್ತ ಅಂಚಿಗೆ ಹೊರಡುವುದಿಲ್ಲ. ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯಿರಿ.

ಜಾಲರಿಪ್ರಿಯ:
ಬಾಗಿಲು ತೆರೆದಾಗ ಮೂರು ಡಿಗ್ರಿ ಇಳಿದಿದೆಯಲ್ಲ, ಗಾಳಿಯ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಬಿಸಿಲುನಾಡು:
ಬಿಚ್ಚಿದೆ. ಚಿಪ್ಪಿನ ಬಲ ಅಂಚಿನಲ್ಲಿ ಪೇಸ್ಟ್ ಹಚ್ಚಿದ ಗೆರೆಗಳೂ ಅಳಿಯದೆ ದಪ್ಪಗೆ ನಿಂತಿತ್ತು, ಎಡಗಡೆ ಮಾತ್ರ ತೆಳುವಾಗಿ ಹರಡಿತ್ತು. ಪುಟ್ಟಿ ಮತ್ತು ಹಾಳೆ ಎರಡನ್ನೂ ತರಿಸಿ ಹಾಕಿದ್ದೇನೆ. ಈಗ ಕೋರ್ 77, ಹಾಟ್‌ಸ್ಪಾಟ್ 90, ಮೆಮೊರಿ 92. ಮುಗ್ಗರಿಸುವುದು ನಿಂತಿದೆ.

ಕಡಲತಡಿ:
ಮೆಮೊರಿ 78ರಿಂದ 92ಕ್ಕೆ ಏರಿತಲ್ಲ! ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸಿದಂತಾಯಿತು.

ಹಳೇಬೆಸುಗೆ:
ಕೆಟ್ಟಿಲ್ಲ ಸರ್. 110ಕ್ಕೆ ಇನ್ನೂ 18 ಡಿಗ್ರಿ ಬಾಕಿ ಇದೆ. ಮಿತವೋಲ್ಟ್ ಅವರ ರೇಖೆಯನ್ನು ಮತ್ತೆ ಹಾಕಿಕೊಂಡರೆ ಒಟ್ಟು ಶಾಖವೂ ತಗ್ಗುತ್ತದೆ. ಮೇ ತಿಂಗಳಿಗೆ ಅದು ಬೇಕೇ ಬೇಕು.

ತುಂಗಾತೀರ:
ನನ್ನದೂ 3080, ಮೆಮೊರಿ 104 ತೋರಿಸುತ್ತದೆ. ಎಷ್ಟು ಮಿ.ಮೀ. ಪ್ಯಾಡ್ ತರಿಸಲಿ?

ಹಳೇಬೆಸುಗೆ:
3080 ಎಂದಷ್ಟೇ ಹೇಳಿದರೆ ಉತ್ತರಿಸಲಾಗದು. ಒಂದೊಂದು ಕಂಪನಿಯ ಹೀಟ್‌ಸಿಂಕಿಗೆ ಒಂದೊಂದು ಅಳತೆ, ಒಂದೇ ಕಾರ್ಡಿನಲ್ಲೂ ಮೆಮೊರಿಗೊಂದು, ವಿದ್ಯುತ್ ನಿಯಂತ್ರಿಸುವ ವಿಆರ್‌ಎಂಗೊಂದು. ಬಿಚ್ಚಿದಾಗ ಹಳೆಯ ಪ್ಯಾಡ್ ಚಿಪ್ಪಿನ ಆಚೆಗೆ ಚಾಚಿಕೊಂಡಿದ್ದರೆ, ಒತ್ತಡ ಬೀಳದ ಆ ಅಂಚಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಮುಕದೆ ಅಳೆಯಿರಿ; ಮೂಲ ದಪ್ಪ ಹೆಚ್ಚುಕಡಿಮೆ ಅಲ್ಲಿಯೇ ಸಿಗುತ್ತದೆ.