ಮರಾಠಿ ಕಾಗದಕ್ಕ ತಂಗಿ ಹೆಬ್ಬೆಟ್ಟು ಒತ್ತ್ಯಾಳ, ಹುಡುಗನ್ನ ಹೆಂಗ ಬಿಡಿಸ್ಕೋಬೇಕ್ರಿ?

ಸಿಂದಗಿ ಮೇಸ್ತ್ರಿ:
ಪುಣೆ ಕಡೆ ಸೆಂಟ್ರಿಂಗ್ ಕೆಲಸಕ್ಕ ಬಂದು ಆರು ವರ್ಷ ಆತ್ರಿ. ತಂಗಿ ಇಟ್ಟಂಗಿ ಹೊರಾಕ ಹೋದಾಗ ಅಕಿ ಒಂಬತ್ತು ವರ್ಷದ ಮಗ ಬಸ್‌ಸ್ಟ್ಯಾಂಡಿನಾಗ ಒಬ್ಬನ ಸಿಕ್ಕಾನಂತ ಬಾಲಗೃಹಕ್ಕ ಒಯ್ದಾರ. ಇವತ್ತಿಗೆ ಹನ್ನೊಂದು ದಿನ. ಮಕ್ಕಳ ಕಲ್ಯಾಣ ಸಮಿತಿ ಮುಂದ ಹೋದ್ರ ಇಕಿಗೆ ಮರಾಠಿ ಬರಂಗಿಲ್ಲ, ಅವರಿಗೆ ಕನ್ನಡ ತಿಳಿಯಂಗಿಲ್ಲ. ಒಂದು ಕಾಗದಕ್ಕ ಹೆಬ್ಬೆಟ್ಟು ಒತ್ತಿಸ್ಕೊಂಡು ಕಳಿಸ್ಯಾರ. ಶೆಡ್ಡಿನಾಗ ಇರೋರಿಗೆ ಕೂಸು ಕೊಡಂಗಿಲ್ಲ ಅಂತ ಹೊರಗ ಯಾರೋ ಅಂದ್ರಂತ. ಬಡವ್ರಿಗೆ ತಮ್ಮ ಮಕ್ಕಳ ಮ್ಯಾಲ ಹಕ್ಕಿಲ್ಲೇನ್ರಿ? ಆ ಹುಡುಗ ಲೈಟ್ ಆರಿಸಿದ್ರ ಮಲಗಂಗಿಲ್ಲ.

ಕೋರ್ಟ್ ಗುಮಾಸ್ತ:
ಬಡತನದ ಮಾತು ಬಿಡಿ, ಯಾರೋ ಅಂದಿದ್ದು ಆದೇಶ ಅಲ್ಲ. ಮೊದಲು ಆ ಕಾಗದದ ನಕಲು ಕೇಳಿ. ಹಾಜರಿ ಸಹಿ ಇರಬಹುದು. ಅಕಸ್ಮಾತ್ ಮಗುವನ್ನು ಒಪ್ಪಿಸಿಬಿಡುವ ಪತ್ರವಾಗಿದ್ದರೂ ಮನಸ್ಸು ಬದಲಿಸಲು 2 ತಿಂಗಳು ಇದೆ. 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಮಿನಲ್ಲಿ ನ್ಯಾಯವಾಗಿ ಅಹವಾಲು ಕೇಳಬೇಕು, ಬಾಲಗೃಹ ಕೊನೆಯ ದಾರಿ ಮಾತ್ರ ಎಂದಿದೆ. ತಂಗಿಗೆ ಕನ್ನಡ ತಿಳಿಯುವವರು ಬೇಕೆಂದು ಬರೆದುಕೊಡಿ. ಮನೆ ಪರಿಸ್ಥಿತಿಯ ತನಿಖೆ 15 ದಿನದಲ್ಲಿ ಮುಗಿಯಬೇಕು, ಅಂದರೆ ಈ ವಾರವೇ ಯಾರಾದರೂ ಶೆಡ್ಡಿಗೆ ಬರಬಹುದು. ತಂಗಿ ಅಲ್ಲಿರಲಿ. ಕೊನೆಯ ಆದೇಶಕ್ಕೆ ಕನಿಷ್ಠ 3 ಸದಸ್ಯರು ಹಾಜರಿರಬೇಕು. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ. ವಕೀಲರಿಗೆ ದುಡ್ಡು ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಪುಕ್ಕಟೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಪುಣೆಯ ಶಿವಾಜಿನಗರ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ.

ಘಾಟ್ಕೋಪರ್ ಅಕ್ಕ:
ಒಂದು ಮಾತು ಸೇರಿಸ್ತೀನಿ ಅಣ್ಣ. ನಮ್ಮ ಕೆಲಸದಾಕೆ ಭಯದಲ್ಲಿ "ಊರಿಗೆ ಕರ್ಕೊಂಡು ಹೋಗ್ತೀನಿ" ಅಂದುಬಿಟ್ಟಳು. ಕಡತ ಊರಿನ ಜಿಲ್ಲೆಯ ಸಮಿತಿಗೆ ಹೋಯ್ತು, ಮಗುವೂ ಹಿಂದೆ. ಇವಳು ಮುಂಬೈ ಬಿಟ್ಟು ಅಲೆದಾಡಿದ್ದು ಹೇಳೋದು ಬೇಡ. ನಿಮ್ಮ ತಂಗಿ ಇಲ್ಲೇ ಇರ್ತಾಳೆ ಅಂದ್ರೆ ಇಲ್ಲೇ ಇರ್ತೀನಿ ಅಂತ್ಲೇ ಹೇಳ್ಲಿ.

ಸಿಂದಗಿ ಮೇಸ್ತ್ರಿ:
ನಾಳೆ ಶಿವಾಜಿನಗರಕ್ಕ ಹೊಂಟೀವ್ರಿ. ಒಂದಿನದ ಪಗಾರ ಹೋದ್ರ ಹೋಗ್ಲಿ. ರೇಶನ್ ಕಾರ್ಡ್ ಊರಾಗೈತಿ. ಸಾಲಿ ದಾಖಲೆ, ಹುಡುಗನ ಆಧಾರ್ ಇದ್ರ ನಡೀತೈತಿಲ್ರಿ?

ಕೋರ್ಟ್ ಗುಮಾಸ್ತ:
ನಡೀತದೆ. ಜನನ ಪತ್ರ, ತಾಯಿ-ಮಗನ ಹಳೆಯ ಫೋಟೋ ಇದ್ದರೆ ಅವನ್ನೂ ಒಯ್ಯಿರಿ. ಲೈಟಿನ ವಿಷಯ ಬಾಲಗೃಹದವರಿಗೆ ಇವತ್ತೇ ಹೇಳಿ.